ರಾಯಲ್ ಚಕ್ಕೋತ ಕ್ಲಬ್ಬಿನ ಮೊದಲನೆಯ ನಿಯಮ

ಗೋಪಾಲಪ್ಪ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂಬುದರಲ್ಲಿ ಪಿಳ್ಳಣ್ಣನಿಗೆ ಅನುಮಾನವೇ ಇರಲಿಲ್ಲ.

ಬೆಳ್ಳಿಹಬ್ಬದ ವೇದಿಕೆಯಲ್ಲಿ ಕ್ಲಬ್ಬಿನ ಇತಿಹಾಸ ಹೇಳು ಎಂದರೆ ಯಾರಾದರೂ ಬೆವರುತ್ತಾರೆಯೇ? ಅದೂ ದೇವನಹಳ್ಳಿಯ ರಾಯಲ್ ಚಕ್ಕೋತ ಕ್ಲಬ್ಬಿನ ಇತಿಹಾಸ! ಅದು ಶುರುವಾದದ್ದು ಗೋಪಾಲಪ್ಪನ ಚಕ್ಕೋತ ತೋಟದಲ್ಲಿ. ಕಟ್ಟಿದವರಲ್ಲಿ ಈಗ ಬದುಕಿರುವವನೂ ಅವನೊಬ್ಬನೇ, ಪಿಳ್ಳಣ್ಣನನ್ನು ಬಿಟ್ಟರೆ.

"ಬೇಡ ಬಿಡು ಪಿಳ್ಳಣ್ಣ," ಎಂದ ಗೋಪಾಲಪ್ಪ. "ಹಳೇದೆಲ್ಲ ಯಾಕೆ ಕೆದಕ್ತೀಯ? ಬಂದೋರಿಗೆ ಒಳ್ಳೆ ಊಟ ಹಾಕ್ಸು, ಸಾಕು."

"ಲೇ, ಇತಿಹಾಸ ಗೊತ್ತಾಗ್ದೇ ಇದ್ರೆ ಜನಕ್ಕೆ ನಮ್ಮ ಬೆಲೆ ಹೆಂಗೆ ಗೊತ್ತಾಗುತ್ತೆ? ಇದ್ದದ್ದು ಇದ್ದ ಹಾಗೆ ಹೇಳು."

"ಇದ್ದ ಹಾಗೇನಾ?"

"ಒಂದಕ್ಷರ ಬಿಡ್ಬೇಡ."

ಇವನು ತಾನೇ ಸಂಸ್ಥಾಪಕ ಎಂದು ಹೇಳಿಕೊಳ್ಳುವ ಹುನ್ನಾರದಲ್ಲಿದ್ದಾನೆ ಎಂದು ಪಿಳ್ಳಣ್ಣ ಒಳಗೊಳಗೇ ಲೆಕ್ಕ ಹಾಕಿದ. ನೂರಾರು ಜನರೆದುರು ಅಷ್ಟು ದೊಡ್ಡ ಸುಳ್ಳು ಹೇಳುವ ಎದೆ ಇವನಿಗೆಲ್ಲಿದೆ? ಹೇಳಲಿ, ನೋಡೋಣ.

ಪಿಳ್ಳಣ್ಣ ಮೊದಲ ದಿನದಿಂದಲೂ ಅಧ್ಯಕ್ಷ. ಉದ್ಘಾಟನೆಯ ದಿನ ಮುಖ್ಯ ಅತಿಥಿಗಳು ವೇದಿಕೆ ಹತ್ತಿದವರೇ ನಡುವಿನ ಕುರ್ಚಿಯಲ್ಲಿದ್ದ ಅವನ ಕೈ ಕುಲುಕಿ, "ಅಧ್ಯಕ್ಷರೇ, ಶುಭವಾಗಲಿ" ಎಂದಿದ್ದರು. ಉಳಿದವರು ಮಾತೇ ಹೊರಡದೆ ನಿಂತಿದ್ದರು. ಪಾಪ, ಗಂಟಲು ಕಟ್ಟಿತ್ತು ಎಂದು ಪಿಳ್ಳಣ್ಣ ಇಂದಿಗೂ ನೆನೆಯುತ್ತಾನೆ.

ವಿಮಾನ ನಿಲ್ದಾಣ ಬಂದು ಜಮೀನಿನ ಬೆಲೆ ಏರಿದ ಮೇಲೆ ಕ್ಲಬ್ಬಿನ ಠೀವಿಯೂ ಏರಿತು. ಚಕ್ಕೋತ ಮರಗಳನ್ನು ಕಡಿದು ಟೆನಿಸ್ ಅಂಗಳ ಮಾಡಿದರು. ಟೆನಿಸ್ ಯಾರಿಗೂ ಬರುತ್ತಿರಲಿಲ್ಲವಾದ್ದರಿಂದ ಅಲ್ಲಿ ಕಾರು ನಿಲ್ಲಿಸಿದರು. ಪಂಚೆಯುಟ್ಟು ಒಳಗೆ ಬರಬಾರದೆಂದು ಫಲಕ ಹಾಕಿದರು. ಪಂಚೆಯಲ್ಲೇ ಮನೆ ಬಿಡುವ ಸದಸ್ಯರು ಕಾರಿನೊಳಗೆ ಒದ್ದಾಡಿ ಪ್ಯಾಂಟು ಏರಿಸಿಕೊಂಡು ಇಳಿಯತೊಡಗಿದರು.

ಇಷ್ಟೆಲ್ಲದರ ಮೇಲಿನ ಕಿರೀಟವೆಂದರೆ ಕ್ಲಬ್ಬಿನ ಮೊದಲನೆಯ ನಿಯಮ. ಹೊಸಬರು ಸೇರಲು ಬಂದರೆ ಸದಸ್ಯರೆಲ್ಲ ಒಂದು ತಂಬಿಗೆಗೆ ಗೋಲಿ ಹಾಕಬೇಕು. ಬಿಳಿಯದಾದರೆ ಒಪ್ಪಿಗೆ. ಒಂದೇ ಒಂದು ಕರಿ ಗೋಲಿ ಬಿದ್ದರೂ ಬಾಗಿಲು ಬಂದ್.

ಆ ಕರಿ ಗೋಲಿ ಸಾಮಾನ್ಯವಾಗಿ ಪಿಳ್ಳಣ್ಣನದೇ. ವಿಜಯಪುರದ ರೇಷ್ಮೆ ವ್ಯಾಪಾರಿ ಮುನಿವೆಂಕಟಪ್ಪ ಜೋರಾಗಿ ಸೀನುತ್ತಾನೆಂದು ಹೊರಗುಳಿದ. ಹಲ್ಲಿನ ಡಾಕ್ಟರ್ ಅಕ್ಷತ, ಪಿಳ್ಳಣ್ಣನ ದವಡೆ ಹಲ್ಲು ಕೀಳುವಾಗ ಅವನಿಗೆ ಮಾತಾಡಲು ಬಿಡಲಿಲ್ಲವೆಂದು ಹೊರಗುಳಿದಳು.

"ಕ್ಲಬ್ ಅಂದ್ರೆ ಬಸ್ ಸ್ಟ್ಯಾಂಡಾ, ಕಂಡಕಂಡೋರು ನುಗ್ಗೋಕೆ?" ಎಂದು ಅವನು ಪ್ರತಿ ಸಂಜೆ ಕೇಳುತ್ತಿದ್ದ. ಯಾರಾದರೂ ಬಾಯಿ ತೆರೆಯುವ ಮೊದಲೇ, ತಾನು ತಹಶೀಲ್ದಾರರನ್ನು ಬಿಸಿಲಲ್ಲಿ ನಿಲ್ಲಿಸಿ ಜಮೀನು ಮತ್ತೆ ಅಳೆಸಿದ ಕಥೆ ತೆಗೆಯುತ್ತಿದ್ದ. ಅದೇ ಹೊತ್ತಿಗೆ ಎಲ್ಲರ ಫೋನುಗಳಿಗೂ ಕರೆ ಬಂದು, ಒಬ್ಬೊಬ್ಬರಾಗಿ ಎದ್ದು ಹೊರಗೆ ಹೋಗುತ್ತಿದ್ದರು. ಎಂಥ ಬಿಡುವಿಲ್ಲದ ಗಣ್ಯರು ತನ್ನ ಕ್ಲಬ್ಬಿನಲ್ಲಿದ್ದಾರೆ ಎಂದು ಪಿಳ್ಳಣ್ಣನಿಗೆ ಹೆಮ್ಮೆ.

ಬೆಳ್ಳಿಹಬ್ಬದ ಬೆಳಿಗ್ಗೆ ಕೋಟು ತೊಡಿಸುತ್ತಾ ಹೆಂಡತಿ ಅಕ್ಕಯಮ್ಮ ಕೇಳಿದಳು: "ಅವತ್ತು ಉದ್ಘಾಟನೆಗೆ ನಮ್ಮನೆಗೆ ಕಾರ್ಡೇ ಬಂದಿರ್ಲಿಲ್ಲ ಅಲ್ವೇನ್ರೀ? ಹೂವಿನ ಪಾಪಕ್ಕ ಹೇಳಿದ್ಮೇಲೆ ತಾನೇ ಗೊತ್ತಾಗಿದ್ದು?"

"ಮನೆಯೋರಿಗೆ ಯಾರಾದ್ರೂ ಕಾರ್ಡ್ ಕೊಡ್ತಾರೇನೇ?" ಎಂದು ಪಿಳ್ಳಣ್ಣ ನಕ್ಕ.

ಸಭಾಂಗಣ ತುಂಬಿತ್ತು. ಕರಿ ಗೋಲಿ ತಿಂದವರನ್ನೆಲ್ಲ ಪಿಳ್ಳಣ್ಣ ಖುದ್ದಾಗಿ ಕರೆಸಿ ಹಿಂದಿನ ಸಾಲಿನಲ್ಲಿ ಕೂರಿಸಿದ್ದ. ತಾವು ಎಂಥದ್ದನ್ನು ಕಳೆದುಕೊಂಡೆವು ಎಂದು ಅವರಿಗೂ ತಿಳಿಯಬೇಡವೇ? ಆದರೆ ಅವನ ಭಾಷಣ ಮುಗಿಯುತ್ತಲೇ ಅಲ್ಲಿಂದಲೇ ಅಕ್ಷತ ಎದ್ದಳು.

"ಸರ್, ನಮ್ಮನ್ನ ಹೊರಗಿಟ್ಟ ಈ ನಿಯಮ ಮೊದಲು ಯಾಕೆ ಮಾಡಿದ್ರಿ?"

"ಒಳ್ಳೇ ಪ್ರಶ್ನೆ ಕಣಮ್ಮಾ!" ಪಿಳ್ಳಣ್ಣನ ಮುಖ ಅರಳಿತು. ಮೈಕನ್ನು ಗೋಪಾಲಪ್ಪನ ಕೈಗಿತ್ತ. "ಹೇಳಪ್ಪಾ. ಎಲ್ರಿಗೂ ಗೊತ್ತಾಗ್ಲಿ."

ಗೋಪಾಲಪ್ಪ ಹಣೆಯ ಬೆವರೊರೆಸಿಕೊಂಡ. ಆಮೇಲೆ ನಿಧಾನವಾಗಿ ಶುರುಮಾಡಿದ.

"ನಾವು ಐದು ಜನ ತೋಟದಲ್ಲಿ ಇಸ್ಪೀಟ್ ಆಡ್ಕೊಂಡು ಸುಖವಾಗಿದ್ವಿ."

"ಆರು ಜನ," ಎಂದು ಪಿಳ್ಳಣ್ಣ ತಿದ್ದಿದ.

"ಬೇಲಿ ಇರ್ಲಿಲ್ಲ. ಒಬ್ಬ ಮನುಷ್ಯ ದಿನಾ ಬಂದ್ಬಿಡ್ತಿದ್ದ. ನಮ್ಮ ಬೆನ್ನ ಹಿಂದೆ ನಿಂತು, ಕೈಲಿರೋ ಎಲೆ ಜೋರಾಗಿ ಹೇಳೋನು. ಯಾರಿಗೂ ಮಾತಾಡೋಕೆ ಬಿಡ್ತಿರ್ಲಿಲ್ಲ. ಊರಿನೋನು, ಮುಖಕ್ಕೆ ಹೊಡ್ದಂಗೆ ಬರ್ಬೇಡ ಅನ್ನೋಕಾಗುತ್ತಾ? ಅದಕ್ಕೇ ಕಾಂಪೌಂಡ್ ಹಾಕಿಸಿದ್ವಿ. ಕ್ಲಬ್ ಅಂತ ಹೆಸರಿಟ್ವಿ. ಗೋಲಿ ನಿಯಮ ಮಾಡಿದ್ವಿ. ಎಲ್ಲಾ ಅವನೊಬ್ಬನ್ನ ತಡೆಯೋಕೆ."

ಸದಸ್ಯರೆಲ್ಲ ತಲೆ ತಗ್ಗಿಸಿ ತಮ್ಮ ತಮ್ಮ ಫೋನು ನೋಡತೊಡಗಿದರು. ಪಿಳ್ಳಣ್ಣನಿಗೆ ಮಾತ್ರ ನಗು ತಡೆಯಲಾಗಲಿಲ್ಲ. ಒಬ್ಬ ಪೀಡೆಗೆ ಹೆದರಿ ಇಂಥ ಭವ್ಯ ಸಂಸ್ಥೆ ಹುಟ್ಟಿತೇ? ಇಷ್ಟು ಸ್ವಾರಸ್ಯದ ಸಂಗತಿಯನ್ನು ಇವನು ಇಷ್ಟು ವರ್ಷ ತನಗೇ ಹೇಳಿರಲಿಲ್ಲವಲ್ಲ! ಕಣ್ಣೊರೆಸಿಕೊಳ್ಳುತ್ತಾ ಅವನು ಗೋಪಾಲಪ್ಪನ ಬೆನ್ನು ತಟ್ಟಿದ.

"ಆಮೇಲೆ? ಆ ಆಸಾಮಿ ಏನಾದ ಹೇಳೋ!"

"ಉದ್ಘಾಟನೆ ದಿನ ನಮಗಿಂತ ಮೊದಲೇ ಬಂದು ಕೂತ್ಬಿಟ್ಟಿದ್ದ," ಎಂದ ಗೋಪಾಲಪ್ಪ. "ಎಬ್ಬಿಸೋ ಧೈರ್ಯ ನಮಗ್ಯಾರಿಗೂ ಇವತ್ತಿನವರೆಗೂ ಬಂದಿಲ್ಲ, ಅಧ್ಯಕ್ಷರೇ."