ಶೆಟ್ಟೆಪ್ಪ ಬೇಡವೆಂದ ಟೈರು

“ನನ್ನ ಹೊಸಾ ಟೈರ್ ಎಲ್ಲಿ ಅದಾವ, ಶೆಟ್ಟೆಪ್ಪ?”

ನೀಲಕಂಠಪ್ಪ ಕೇಳಿದ್ದು ಮೆಲ್ಲಗೇ. ಆದರೂ ದಾದರಿನ ಆ ಬಿಲ್ಡಿಂಗಿನ ಗ್ಯಾಲರಿಗಳಲ್ಲಿ ಬಟ್ಟೆ ಒಣಹಾಕುತ್ತಿದ್ದವರ ಕೈಗಳು ನಿಂತವು. ಕೆಳಗೆ ಫಿಯಾಟ್ ಕಾರಿನ ಪಕ್ಕ ಡ್ರೈವರ್ ಶೆಟ್ಟೆಪ್ಪ ಒರೆಸುವ ಅರಿವೆ ಹಿಂಡುತ್ತಿದ್ದ. ಇಂಡಿ ಕಡೆಯಿಂದ ಮುಂಬಯಿಗೆ ಬಂದಾಗಿನಿಂದ ಇದೇ ಮನೆಯ ಉಪ್ಪು ಉಂಡವನು.

“ಬೈಕುಲ್ಲಾದಾಗ ಅದಾವ್ರಿ ಸಾವಕಾರ್ರ. ಅವು ಬ್ಯಾಡ್ರಿ. ಇವು ಇರ್ಲಿ.”

“ನೋಡಿದ್ಯಾ ಅಣ್ಣಾ?” ಸಾವಕಾರರ ತಮ್ಮ ಸಿದ್ದರಾಮಪ್ಪ ಹಣೆ ಹಣೆ ಬಡಿದುಕೊಂಡ. “ನಾ ಹೇಳಿರ್ಲಿಲ್ಲೇನು?”

ಹೇಳಿದ್ದ. ಮೇ ತಿಂಗಳಿನಿಂದಲೂ ಹೇಳುತ್ತಲೇ ಇದ್ದ. ಹಳೆಯ ಟೈರು ಸವೆದಾಗ ಮನೆಯಲ್ಲಿ ದೊಡ್ಡ ವಾದವೇ ಆಗಿತ್ತು. ಮೆತ್ತನೆ ರಬ್ಬರಿನ, ಆಳ ಕಚ್ಚಿನ ಟೈರು ಬೇಕೆಂದು ಶೆಟ್ಟೆಪ್ಪನ ಹಟ. ಬಿಸಿಲಿಗೆ ಬೇಗ ಸವೆಯುತ್ತದೆ ನಿಜ, ಆದರೆ ಮಳೆಯಲ್ಲಿ ಘಾಟ್ ಏರುವಾಗ ನೆಲ ಬಿಡುವುದಿಲ್ಲ. ಮುಂಬಯಿಯಲ್ಲಿ ವರ್ಷದ ಬಹುಪಾಲು ಬಿಸಿಲೇ, ಗಟ್ಟಿ ರಬ್ಬರೇ ಬಾಳಿಕೆ ಎಂದು ಸಿದ್ದರಾಮಪ್ಪ. ಬೈಕುಲ್ಲಾದ ಟೈರ್ ಅಂಗಡಿಯವನು ಡ್ರೈವರನ ಕೈ ಬೆಚ್ಚಗೆ ಮಾಡಿದ್ದಾನೆ ಎಂಬುದು ಅವನ ಅನುಮಾನ. ಜವಳಿ ಅಂಗಡಿಯ ನೀಲಕಂಠಪ್ಪನಿಗೆ ನೂಲು ಗೊತ್ತು, ರಬ್ಬರು ಏನು ಗೊತ್ತು? “ನೀನ ನೋಡಿ ತಾರಪಾ,” ಎಂದು ತಮ್ಮನಿಗೇ ಬಿಟ್ಟ. ತಮ್ಮ ಹಾಕಿಸಿಕೊಂಡು ಬಂದ ಟೈರುಗಳು ಮಿರಿಮಿರಿ ಮಿಂಚುತ್ತಿದ್ದವು. ಒಂದು ವಾರ ಕಳೆಯುವುದರೊಳಗೆ ಈ ಮನುಷ್ಯ ಅವನ್ನು ಬಿಚ್ಚಿ, ಬೇರೆ ಹಾಕಿಸಿ, ತುಟಿ ಪಿಟಕ್ಕೆನ್ನದೆ ಕೂತಿದ್ದಾನೆ!

“ಯಾಕ ಬ್ಯಾಡ? ಅದನ್ನರ ಹೇಳು.”

ಶೆಟ್ಟೆಪ್ಪ ಅಣ್ಣನನ್ನು ನೋಡಿದ, ತಮ್ಮನನ್ನು ನೋಡಿದ, ನೆಲ ನೋಡಿದ. “ನಾ ಏನ್ ಹೇಳ್ಲಿರಿ. ಬೈಕುಲ್ಲಾಕ್ಕ ಬಂದು ಒಮ್ಮೆ ಅವುಗಳ ಮ್ಯಾಲ ಕೈಯಾಡಿಸಿ ನೋಡ್ರಿ. ನಿಮಗ ತಿಳೀತದ.”

ಕೈಯಾಡಿಸಬೇಕಂತೆ! ಇಸ್ತ್ರಿ ಧೋತರದ ಸಾವಕಾರ ಬೈಕುಲ್ಲಾದ ಗಲ್ಲಿಯಲ್ಲಿ ಕುಕ್ಕರಗಾಲಲ್ಲಿ ಕೂತು ಟೈರು ಸವರಬೇಕಂತೆ, ಡ್ರೈವರ್ ಹೇಳಿದನೆಂದು! ನೀಲಕಂಠಪ್ಪನ ಮೈ ಉರಿಯಿತು. ಸಿಟ್ಟಿಗಿಂತ ಸಂಕಟವೇ ಹೆಚ್ಚು. ಹೆಂಡತಿಯ ಕೊನೆಯ ದಿನಗಳಲ್ಲಿ ಅವಳನ್ನು ಮೂರನೆಯ ಮಹಡಿಯಿಂದ ಎತ್ತಿಕೊಂಡು ಇಳಿದು ಆಸ್ಪತ್ರೆಗೆ ಒಯ್ದವನು ಇದೇ ಶೆಟ್ಟೆಪ್ಪ. ಬೇರೆ ಯಾರಾದರೂ ಕದ್ದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

“ಚಾವಿ ಇಡು. ಇನ್ನ ಈ ಕಡೆ ಮಾರಿ ತೋರಿಸಬ್ಯಾಡ.”

ಶೆಟ್ಟೆಪ್ಪ ಚಾವಿಯನ್ನು ಬಾನೆಟ್ಟಿನ ಮೇಲಿಟ್ಟ. “ಘಾಟಿನ್ಯಾಗ ಹಗೂರ ಹೋಗ್ರಿ ಸಾವಕಾರ್ರ,” ಎಂದಷ್ಟೇ ಹೇಳಿ ಗೇಟು ದಾಟಿದ.

ಉಳಿದದ್ದನ್ನೆಲ್ಲ ಸಿದ್ದರಾಮಪ್ಪ ನೋಡಿಕೊಂಡ. ಅಂದೇ ಬೈಕುಲ್ಲಾಕ್ಕೆ ಓಡಿ, ಜಗಳವಾಡಿ, ತಾನು ಕೊಂಡಿದ್ದ ಟೈರುಗಳನ್ನು ಬಿಡಿಸಿ, ಮತ್ತೆ ಕಾರಿಗೆ ಹಾಕಿಸಿದ. ಮರುದಿನ ಬೆಳಿಗ್ಗೆ ನಾಲ್ಕೂ ಗಾಲಿಗಳ ಕೆಳಗೆ ತಾನೇ ನಿಂಬೆಹಣ್ಣು ಇಟ್ಟ, ಕಾಯಿ ಒಡೆದ. ಪಾಪ, ತಮ್ಮನೆಂದರೆ ಹೀಗಿರಬೇಕು ಎನಿಸಿತು ನೀಲಕಂಠಪ್ಪನಿಗೆ.

ಪುಣೆಯ ಕೆಲಸ ತಪ್ಪಿಸುವಂತಿರಲಿಲ್ಲ. ಮಕ್ಕಳಿಲ್ಲದ ನೀಲಕಂಠಪ್ಪ ಅಂಗಡಿಯಲ್ಲಿ ತನ್ನ ಪಾಲನ್ನು ಅಲ್ಲಿರುವ ವಿಧವೆ ತಂಗಿ ಹಾಲವ್ವನ ಹೆಸರಿಗೆ ಬರೆದುಕೊಡಬೇಕಿತ್ತು. ಬೇಸಿಗೆಯ ಮೊದಲಲ್ಲಿ ಈ ಮಾತು ತೆಗೆದಾಗ ಸಿದ್ದರಾಮಪ್ಪ, “ಛಲೋ ಆತು ಬಿಡಣ್ಣಾ, ಅಕ್ಕ ಏನು ಹೊರಗಿನಾಕಿ?” ಎಂದಿದ್ದ. ಪುಣೆಗೆ ಎಂದರೆ ಯಾವಾಗಲೂ ಪಕ್ಕದ ಸೀಟಿನಲ್ಲಿ ಅವನೇ. ಇವತ್ತು ಮಾತ್ರ ಒಲ್ಲೆ ಎಂದ.

“ಈ ಸಲ ನೀ ಒಬ್ಬನ ಹೋಗು. ನಾ ಅಂಗಡಿಗೂ ಹೋಗಾಂಗಿಲ್ಲ, ಫೋನಿನ ಬಾಜೂಕ ಕೂತಿರ್ತೀನಿ. ನಿನ್ನ ಸುದ್ದಿ ಬರೂತನಕ ನನಗ ಸಮಾಧಾನ ಇಲ್ಲಣ್ಣಾ.”

ಪನ್ವೇಲ್ ದಾಟುತ್ತಲೇ ಮಳೆ ಜಡಿಯಿತು. ಎರಡು ಸಲ ಕಾರು ಬದಿಗೆ ಜಾರಿತು. ಸ್ಟೇರಿಂಗ್ ಹಿಡಿದು ಎಷ್ಟೋ ಕಾಲವಾಯಿತು, ರೂಢಿ ತಪ್ಪಿದೆ ಎಂದು ನೀಲಕಂಠಪ್ಪ ತನ್ನನ್ನೇ ಬೈದುಕೊಂಡ. ಖೋಪೋಲಿಯಲ್ಲಿ, ಇನ್ನೇನು ಘಾಟ್ ಶುರುವಾಗಬೇಕು, ಮುಂದಿನ ಗಾಲಿ ಪಂಕ್ಚರ್ ಆಯಿತು.

ಪೆಟ್ರೋಲ್ ಪಂಪಿನ ಪಂಕ್ಚರಿನವನು ಟೈರು ಬಿಚ್ಚಿದ. ತಿರುಗಿಸಿ ನೋಡಿದ. ಉಳಿದ ಮೂರನ್ನೂ ಬಗ್ಗಿ ನೋಡಿ ಬಂದ.

“ಸೇಠ್, ಇದರ ಮೇಲೆ ಘಾಟ್ ಹತ್ತಲು ಹೊರಟಿದ್ದಿರಾ? ಎಲ್ಲಾ ಬೋಳು ಟೈರು. ಕಾದ ಬ್ಲೇಡಿನಿಂದ ಕಚ್ಚು ಕೊರೆದು ಕರಿ ಬಣ್ಣ ಹೊಡೆದಿದ್ದಾರೆ.”

ನೀಲಕಂಠಪ್ಪ ಧೋತರ ಮೇಲೆತ್ತಿ ಕೆಸರಿನಲ್ಲೇ ಕುಕ್ಕರಿಸಿದ. ಕೈಯಾಡಿಸಿದ. ಕಚ್ಚಿನ ತಳದಲ್ಲಿ ಬೆರಳಿಗೆ ರಬ್ಬರಿನೊಳಗಿನ ನೂಲು ತಾಕಿತು. ರಬ್ಬರು ಗೊತ್ತಿರಲಿಲ್ಲ, ನೂಲು ಗೊತ್ತಿತ್ತು.

ಶೆಟ್ಟೆಪ್ಪ! ಹೊಸ ಟೈರು ಮಾರಿಕೊಂಡು, ಈ ಹೆಣದ ಟೈರುಗಳನ್ನು ಬೈಕುಲ್ಲಾದಲ್ಲಿ ಪಾಪದ ಸಿದ್ದರಾಮನ ತಲೆಗೆ ಕಟ್ಟಿದ್ದಾನೆ. ಎಲ್ಲ ಗೊತ್ತಿದ್ದೇ ‘ಹಗೂರ ಹೋಗ್ರಿ’ ಎಂದನಲ್ಲ! ಅಯ್ಯೋ ದ್ರೋಹಿ, ನನ್ನ ಹೆಂಡತಿಯನ್ನು ಎತ್ತಿ ಇಳಿಸಿದ ಕೈಯಿಂದಲೇ ನನ್ನನ್ನು ದರಿಗೆ ತಳ್ಳಲು ಹೊರಟೆಯಾ? ನೀಲಕಂಠಪ್ಪ ಮಳೆಯಲ್ಲಿ ನಿಂತು ಅತ್ತುಬಿಟ್ಟ.

ಬಿಡಬಾರದು ಇವನನ್ನು. ಸಿದ್ದರಾಮ ಈಗಲೇ ಪೊಲೀಸರ ಹತ್ತಿರ ಹೋಗಲಿ. ಪಂಪಿನ ಆಫೀಸಿಗೆ ನುಗ್ಗಿ ಮನೆಗೆ ಟ್ರಂಕ್ ಕಾಲ್ ಬುಕ್ ಮಾಡಿದ. ತುಂಬ ಹೊತ್ತು ಕಾದ ಮೇಲೆ ಲೈನ್ ಸಿಕ್ಕಿತು. ದಾದರಿನಲ್ಲಿ ಮೊದಲ ಗಂಟೆಗೇ ರಿಸೀವರ್ ಎತ್ತಿದ ಸದ್ದು. “ಖೋಪೋಲಿಯಿಂದ ಟ್ರಂಕ್ ಕಾಲ್, ಮಾತಾಡಿ,” ಎಂದಳು ಆಪರೇಟರ್.

‘ಸಿದ್ರಾಮಾ’ ಎನ್ನಲು ನೀಲಕಂಠಪ್ಪ ಬಾಯಿ ತೆರೆಯುವ ಮೊದಲೇ, ಆ ಕಡೆಯಿಂದ ತಮ್ಮನ ಅಳುದನಿ ಹಿಂದಿಯಲ್ಲಿ ಕೇಳಿತು:

“ಹೌದು ಸಾಹೇಬ್, ನಾನು ಅವರ ತಮ್ಮ. ಕಾರು ಯಾವ ತಿರುವಿನಲ್ಲಿ ಬಿತ್ತು?”