ಮಾನ್ವಿ ರಸ್ತೆಯ ನಾಲ್ಕೆಕರೆ

ದೇವದುರ್ಗದ ಪುರಸಭೆ ಸಭಾಂಗಣದಲ್ಲಿ ಯಂಕಣ್ಣನ ಹೆಗಲಿಗೆ ಶಾಲು ಹೊದಿಸಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಊರಿಗೆ ಹೆರಿಗೆ ಆಸ್ಪತ್ರೆ ಮಂಜೂರಾಗಿತ್ತು. ಅದನ್ನು ಎಲ್ಲಿ ಕಟ್ಟಬೇಕೆಂದು ತೀರ್ಮಾನಿಸಲು ಕರೆದ ಸಭೆ ಅದು. ಮಾನ್ವಿ ರಸ್ತೆಯ ತನ್ನ ನಾಲ್ಕೆಕರೆ ಹೊಲವನ್ನು ಪುಕ್ಕಟೆ ಕೊಡುತ್ತೇನೆಂದು ಯಂಕಣ್ಣ ಹೇಳಿದ ಮೇಲೆ ಚರ್ಚೆಗೆ ಏನೂ ಉಳಿಯಲಿಲ್ಲ.

"ನಮ್ಮ ಮನಿಯಾಕಿ ಹನುಮಂತಮ್ಮ ಹೆರಿಗಿ ಬ್ಯಾನಿ ತಿಂತಾ ರಾಯಚೂರು ದಾರ್ಯಾಗ ಜೀವ ಬಿಟ್ಲು. ಇನ್ನೊಬ್ಬಾಕಿಗೆ ಹಂಗಾಗಬಾರ್ದ್ರೀ," ಎಂದಷ್ಟೇ ಹೇಳಿ ಅವನು ಕುಳಿತ.

ರಾಯಚೂರಿನಿಂದ ಬಂದಿದ್ದ ನಗರ ಯೋಜನಾಧಿಕಾರಿ ಕಲ್ಯಾಣಿ ಎಲ್ಲರೊಡನೆ ಚಪ್ಪಾಳೆ ತಟ್ಟಿದಳು, ಆದರೆ ತಲೆ ಎತ್ತಲಿಲ್ಲ. ಬೆಳಿಗ್ಗೆ ಆ ಹೊಲ ನೋಡಿ ಬಂದಿದ್ದಳು. ಊರಿನಿಂದ ದೂರ, ನಡುವೆ ಹಳ್ಳ, ಹೊತ್ತು ಮುಳುಗಿದರೆ ಬಸ್ಸಿಲ್ಲ. ಇಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಬೇಡವೆನ್ನುವುದು ಹೇಗೆ?

ಆಗ ಹಿಂದಿನ ಸಾಲಿನಲ್ಲಿ ಜಬೀನ್ ಎದ್ದು ನಿಂತಳು. ಊರ ನಡುವಿನ ದನದ ಸಂತೆಯಲ್ಲಿ ಹಗ್ಗ, ಮೂಗುದಾರ, ಗೆಜ್ಜೆ ಮಾರುವವಳು.

"ಕಾಕಾ, ಸಿಟ್ಟಾಗಬ್ಯಾಡ. ಹೋದ ವರ್ಷ ನನ್ನ ಸೊಸಿ ಆಟೋದಾಗೇ ಹಡದ್ಲು. ದವಾಖಾನಿ ಹಳ್ಳದಾಚಿ ಕಟ್ಟಿದ್ರ ನಮಗ ಮತ್ತ ಆಟೋನ ಗತಿ."

"ಪುಕ್ಕಟೆ ಕೊಟ್ಟವ್ರಿಗೆ ಹಿಂಗ ಅಂತಾರೇನಬೇ? ಕುಂದ್ರು!" ಎಂದು ನಾಲ್ಕಾರು ಜನ ಗದರಿದರು.

"ಆಕಿನ್ನ ಬೈಬ್ಯಾಡ್ರಿ." ಯಂಕಣ್ಣ ಕೈಯೆತ್ತಿ ಸುಮ್ಮನಿರಿಸಿ ಕಲ್ಯಾಣಿಯ ಕಡೆ ತಿರುಗಿದ. "ಖರೇ ಹೇಳ್ರಿ ಮೇಡಮ್ಮಾರ. ಆ ಜಾಗ ದೂರ ಆಗ್ತದೇನು?"

"ದೂರ ಆಗ್ತದ್ರಿ ಯಜಮಾನ್ರ." ಅವಳ ದನಿ ತಗ್ಗಿತ್ತು. "ದವಾಖಾನಿ ಬಸ್‌ಸ್ಟ್ಯಾಂಡ್ ಬಾಜೂಕ ಇರಬೇಕು. ದನದ ಸಂತಿ ಬಯಲು ಅದಕ್ಕ ಚಲೋ ಜಾಗ. ಆದ್ರ ಸಂತಿ ಎಲ್ಲಿಗೆ ಒಯ್ಯೋದು? ಅಷ್ಟು ಬಯಲು ಎಲ್ಲೂ ಸಿಗವಲ್ದು."

ಯಂಕಣ್ಣ ಹೆಗಲ ಮೇಲಿನ ಶಾಲು ತೆಗೆದು ಮಡಿಚತೊಡಗಿದ. ಆ ಹೊಲದ ಬದುವಿನ ಮೇಲೆ ನಿಂತು, ಆಸ್ಪತ್ರೆಯ ಬಾಗಿಲು ಯಾವ ದಿಕ್ಕಿಗಿರಬೇಕೆಂದು ಎಷ್ಟೋ ಸಲ ಯೋಚಿಸಿದ್ದ.

"ದಾರಿ ದೂರ ಆಗೇ ನಮ್ಮಾಕಿ ಹೋದಾಕಿ. ನಾನೂ ದೂರದ ದಾರಿನೇ ಕೊಡಾಕತ್ತಿದ್ನಲ್ಲಾ," ಎಂದ ಕೊನೆಗೆ. "ಹೊಲ ಸಂತಿಗೆ ತಗೊಳ್ರಿ. ದವಾಖಾನಿ ಊರಾಗ ಕಟ್ರಿ."

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಜಬೀನ್ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಲ್ಯಾಣಿ ಎದ್ದು ಬಂದು ಅವನ ಕಾಲು ಮುಟ್ಟಿ ನಮಸ್ಕರಿಸಿದಳು.

ಬಸ್‌ಸ್ಟ್ಯಾಂಡಿನ ಪಕ್ಕ ಆಸ್ಪತ್ರೆ ಎದ್ದಿತು. ದನಗಳು, ಲಾರಿಗಳು, ಜಬೀನಳ ಹಗ್ಗದ ಅಂಗಡಿ ಎಲ್ಲ ಮಾನ್ವಿ ರಸ್ತೆಗೆ ಹೋದವು. ಹೊಸ ಸಂತೆಗೆ ಹನುಮಂತಮ್ಮನ ಹೆಸರಿಡಬೇಕೆಂದು ಜಬೀನ್ ಹಟ ಹಿಡಿದಳು. ಬೇಡವೆನ್ನಲು ಯಾರಿಗೂ ಮನಸ್ಸಾಗಲಿಲ್ಲ.

ಒಂದು ಸಂತೆಯ ದಿನ ಯಂಕಣ್ಣ ನಂಟರ ಮನೆಗೆಂದು ಮಾನ್ವಿ ಬಸ್ಸು ಹತ್ತಿದ್ದ. ಹಳ್ಳ ದಾಟಿದ ಮೇಲೆ ಹೊಸ ಸಂತೆಯ ಮುಂದೆ ಬಸ್ಸು ನಿಧಾನವಾಯಿತು.

"ಹನುಮಂತಮ್ಮ! ಯಾರ್ರೀ ಹನುಮಂತಮ್ಮ? ಇಳೀರಿ ಲಗೂನ!" ಕಂಡಕ್ಟರ್ ಬಾಗಿಲಲ್ಲಿ ನಿಂತು ಕೂಗಿದ.

ಯಂಕಣ್ಣ ಮುಂದಿನ ಸೀಟಿನ ಸರಳು ಗಟ್ಟಿಯಾಗಿ ಹಿಡಿದುಕೊಂಡ. ಆ ಹೆಸರು ಹಿಡಿದು ಯಾರೂ ಕೂಗದೆ ಎಷ್ಟೋ ವರ್ಷಗಳಾಗಿದ್ದವು. ಹಿಂದಿನ ಸೀಟುಗಳೆಲ್ಲ ಖಾಲಿಯಾದವು.

"ಯಪ್ಪಾ, ನೀ ಇಳಿಯಾಂವೇನು?"

"ಇಲ್ಲಪಾ, ನಾ ಮುಂದ ಹೋಗಾಂವ," ಎಂದ ಯಂಕಣ್ಣ. "ನೀ ಇನ್ನೊಮ್ಮಿ ಕೂಗು. ಹಿಂದಿನವ್ರಿಗೆ ಕೇಳ್ಸಿಲ್ಲ ಕಾಣ್ತದ."