ಮಿಲ್ಟ್ರಿ ಮನೆಗೆ ಬಂದವರು

ಹೊಸ ಹಾಸಿಗೆಯ ನಟ್ಟನಡುವೆ ಕೋಳಿ ಕಾವಿಗೆ ಕೂತಿತ್ತು. ತೋಟದ ಯಜಮಾನ ಬೆಳ್ಳಿಯಪ್ಪ ಬಾಗಿಲಲ್ಲೇ ನಿಂತ. ಅದು ಪುಕ್ಕ ಉಬ್ಬಿಸಿ ಕೊರ್ ಎಂದಿತು. ಅವನು ಒಂದು ಹೆಜ್ಜೆ ಹಿಂದೆ ಸರಿದ.

“ಜವರಮ್ಮಾ! ಏನಿದು?”

“ಕೋಳಿ, ಅಯ್ಯಾ,” ಎಂದಳು ತೋಟದ ಆಳು ಜವರಮ್ಮ.

“ಅದು ಕಾಣ್ತದೆ ಮಾರಾಯ್ತಿ. ದಿನಾ ಇಲ್ಲಿ ಗುಡಿಸೋಳು ನೀನು. ಹೇಳೋದಲ್ವಾ?”

“ನೀವು ಕೇಳ್ಲಿಲ್ಲ.”

ದೇವರಮನೆ ಗುಡ್ಡದ ಆಚೆ, ಘಾಟಿಯ ಅಂಚಿನಲ್ಲಿದ್ದ ಆ ಕಾಂಕ್ರೀಟು ಕೋಣೆಯನ್ನು ಊರಿನವರು ಮಿಲ್ಟ್ರಿ ಮನೆ ಎನ್ನುತ್ತಿದ್ದರು. ಗೋಡೆಯುದ್ದಕ್ಕೂ ಒಂದು ಸೀಳುಕಿಂಡಿ. ಮೋಡವಿಲ್ಲದ ದಿನ ಅದರಲ್ಲಿ ದೂರದ ಕಡಲು ಗೆರೆಯಂತೆ ಕಾಣುತ್ತಿತ್ತು. ಬೆಳ್ಳಿಯಪ್ಪ ಕೋಣೆಗೆ ಬಣ್ಣ ಹೊಡೆಸಿ, ಮಂಚ ಹಾಕಿಸಿ, ‘ಬಂಕರ್ ಸ್ಟೇ, ಸಮುದ್ರ ನೋಟ’ ಎಂದು ಫೋನಿನಲ್ಲಿ ಜಾಹೀರಾತು ಹಾಕಿದ್ದ. ಮೊದಲ ಅತಿಥಿಗಳು ಸಂಜೆಗೆ ಬರುವವರಿದ್ದರು. ಕೋಳಿ ಅವರಿಗಿಂತ ಮುಂಚೆಯೇ ಕಿಂಡಿಯಲ್ಲಿ ನುಗ್ಗಿ ಬಂದಿತ್ತು.

“ಬುಟ್ಟೀಲಿಟ್ಟು ನಿನ್ನ ಲೈನ್ ಮನೆಗೆ ತಗೊಂಡೋಗು.”

“ಜಾಗ ಬದಲಾದ್ರೆ ಕಾವು ಬಿಟ್ಬಿಡ್ತದೆ ಅಯ್ಯಾ. ಮಗಳು ಮೋನಿಕಾ ಬಾಣಂತನಕ್ಕೆ ಬರ್ತಾಳೆ. ಅವಳ ಸಾರಿಗೆ ಈ ಮರಿಗಳೇ ಆಗ್ಬೇಕು.”

“ಅದಕ್ಕೆ ನಾನು ಕೋಳಿ ತರಿಸಿಕೊಡ್ತೀನಿ.”

“ಫಾರಂದಾ?” ಜವರಮ್ಮ ಕೇಳಿದ ರೀತಿಗೆ ಬೆಳ್ಳಿಯಪ್ಪ ಬೇರೆ ಕಡೆ ನೋಡಿದ.

“ಇದು ಗೆಸ್ಟ್ ರೂಮು ಜವರಮ್ಮ, ಕೋಳಿಗೂಡಲ್ಲ!”

“ಮೊದ್ಲು ಮಿಲ್ಟ್ರಿಯವ್ರು ಕೂತಿದ್ರಂತೆ, ಕಡಲ ಕಡೆಯಿಂದ ಯಾರೋ ಬರ್ತಾರೆ ಅಂತ. ಯಾರೂ ಬರ್ಲಿಲ್ಲ. ಆಮೇಲೆ ನಿಮ್ಮಜ್ಜಯ್ಯ ಗೊಬ್ಬರ ತುಂಬಿದ್ರು. ನಿಮ್ಮಪ್ಪಯ್ಯ ಇಲ್ಲಿ ಇಸ್ಪೀಟಿಗೆ ಕೂತ್ರೆ ದಿನಗಟ್ಲೆ ಏಳ್ತಿರ್ಲಿಲ್ಲ. ನಿಮ್ಮ ಅಮ್ಮಾವ್ರು ಒಂದಿನಾದ್ರೂ ಬಂದು ಎಬ್ಬಿಸಿದ್ರಾ? ಇದಾದ್ರೆ ಕೂತಿದ್ದಕ್ಕೆ ಏನಾದ್ರೂ ಹುಟ್ತದೆ.”

ಬೆಳ್ಳಿಯಪ್ಪ ಕೋಳಿಯನ್ನು ಅಲ್ಲೇ ಬಿಟ್ಟು ಅಂಗಳಕ್ಕಿಳಿದ. ಕಾಫಿ ಕೊಯ್ಲು ಶುರುವಾಗಿತ್ತು. ಜವರಮ್ಮ ಮುನಿಸಿಕೊಂಡು ಪಕ್ಕದ ಎಸ್ಟೇಟಿನ ಜೀಪು ಹತ್ತಿದರೆ ಉಳಿದ ಹೆಂಗಸರೂ ಹಿಂದೆಯೇ ಹತ್ತುತ್ತಿದ್ದರು.

ಸಂಜೆ ಬಂದವರು ಹೊಸದಾಗಿ ಮದುವೆಯಾದ ಜೋಡಿ, ಪ್ರಶಾಂತ್ ಮತ್ತು ಅರ್ಚನಾ. ಅರ್ಚನಾಳ ಮುಖ ಅರಳಿತ್ತು. “ಇವ್ರು ಮಿಲ್ಟ್ರೀಲಿದಾರೆ ಸರ್, ರಜೆಗೆ ಬಂದಿದಾರೆ. ಸರ್‌ಪ್ರೈಸ್ ಅಂತ ಹೇಳ್ದೇನೇ ಬುಕ್ ಮಾಡ್ದೆ.”

ಪ್ರಶಾಂತ್ ಕಾಂಕ್ರೀಟು ಗೋಡೆಯನ್ನು ಮೇಲಿನಿಂದ ಕೆಳಗೆ ನೋಡಿದ. “ವರ್ಷವೆಲ್ಲ ಇಂಥದ್ರಲ್ಲೇ ಇರ್ತೀನಿ ಕಣೇ. ರಜೇಲಾದ್ರೂ ಕಿಟಕಿ ಇರೋ ಕಡೆ ಕರ್ಕೊಂಡು ಹೋಗ್ಬಾರ್ದಿತ್ತಾ?”

ಇದೇ ಸಮಯವೆಂದು ಬೆಳ್ಳಿಯಪ್ಪ ಕೋಳಿಯ ವಿಷಯ ಹೇಳಿದ. ತನ್ನ ಮನೆಯಲ್ಲೇ ಒಳ್ಳೆಯ ಕೋಣೆ ಕೊಡುತ್ತೇನೆ, ಬೇಕಾದಷ್ಟು ಕಿಟಕಿ ಇವೆ ಎಂದ. ಪ್ರಶಾಂತ್ ಆಗಲೇ ಬ್ಯಾಗು ಎತ್ತಿಕೊಂಡಿದ್ದ. ಅರ್ಚನಾ ಮಾತ್ರ ಒಳಗೆ ಹೋಗಿ, ಜವರಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತು, “ಮಗಳಿಗೆ ಎಷ್ಟು ತಿಂಗಳು?” ಎಂದು ಕೇಳುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ತಲೆ ಹೊರಗೆ ಹಾಕಿದಳು.

“ನಮಗೆ ಕೆಳಗೊಂದು ಚಾಪೆ ಸಾಕು, ಸರ್.”

ಬೆಳಿಗ್ಗೆ ಕಾಫಿ ಹಿಡಿದು ಬಂದ ಬೆಳ್ಳಿಯಪ್ಪನಿಗೆ ಕೋಳಿ ಅಂಗಳದಲ್ಲಿ ಕಂಡಿತು. ಅರ್ಚನಾ ಎರಚಿದ ಅಕ್ಕಿಯನ್ನು ನಿಧಾನವಾಗಿ ಹೆಕ್ಕುತ್ತಿತ್ತು. ಕಾವು ಬಿಟ್ಟಿತು, ಇನ್ನು ಜವರಮ್ಮನೂ ಬಿಟ್ಟಳು! ಓಡಿಹೋಗಿ ಬಾಗಿಲು ತೆರೆದ.

ಮಂಚದ ಮೇಲೆ ಪ್ರಶಾಂತ್ ಚಕ್ಕಳಮಕ್ಕಳ ಹಾಕಿಕೊಂಡು, ಬೆನ್ನು ನೆಟ್ಟಗಿಟ್ಟು ಕೂತಿದ್ದ. ಮೊಟ್ಟೆಗಳ ಮೇಲೆ ಅವನ ಸ್ವೆಟರು, ಸ್ವೆಟರಿನ ಮೇಲೆ ಅವನ ಎರಡೂ ಅಂಗೈ.

“ಬೇಗ ಬಾಗಿಲು ಹಾಕಿ ಸರ್,” ಎಂದ ಮೆಲ್ಲಗೆ, “ಗಾಳಿ ಬರ್ತಿದೆ.”